ಹೀಟ್ ಪಂಪ್ ಬಂದರೆ ಕಟ್ಟಿಗೆ ಒಲೆ ಹೋಗಬೇಕೆ?

ಜರ್ಮನಿಯಲ್ಲಿ ಹಳೆಯ ಗ್ಯಾಸ್ ಅಥವಾ ಎಣ್ಣೆ ಬಾಯ್ಲರ್ ತೆಗೆಸಿ ಹೀಟ್ ಪಂಪ್ ಹಾಕಿಸುವವರಿಗೆ ಕೆಎಫ್‌ಡಬ್ಲ್ಯು ಬ್ಯಾಂಕಿನ ಮೂಲಕ ಸರ್ಕಾರದ ಸಬ್ಸಿಡಿ ಸಿಗುತ್ತದೆ. 2024ರಲ್ಲಿ ಬಂದ ನಿಯಮದಂತೆ ಮೂಲ ಸಹಾಯಧನ ಶೇ. 30; ಬೋನಸ್‌ಗಳೆಲ್ಲ ಸೇರಿದರೆ ಹೆಚ್ಚೆಂದರೆ ಶೇ. 70. ಅಲ್ಲಿ ಮನೆ ಕೊಂಡ ಕನ್ನಡಿಗರೂ ಸೇರಿ ಅನೇಕರ ಹಜಾರದಲ್ಲಿ ಮೊದಲಿನಿಂದಲೇ ಒಂದು ಕಟ್ಟಿಗೆ ಒಲೆ ಇರುತ್ತದೆ. ಅದನ್ನು ಏನು ಮಾಡಬೇಕೆಂಬ ಬಗ್ಗೆ ಹಬ್ಬಿರುವ ಕೆಲವು ತಪ್ಪು ತಿಳಿವಳಿಕೆಗಳು ಹಣವನ್ನಷ್ಟೇ ಅಲ್ಲ, ಜೀವವನ್ನೂ ಕಳೆಯಬಲ್ಲವು.

ತಪ್ಪು ಕಲ್ಪನೆ 1: ಸಬ್ಸಿಡಿ ಬೇಕೆಂದರೆ ಒಲೆ ಕಿತ್ತುಹಾಕಲೇಬೇಕು.
ವಾಸ್ತವ: ಹಾಗೇನಿಲ್ಲ. ಹಳೆಯ ಬಾಯ್ಲರನ್ನು ಬೇಗ ಬದಲಿಸಿದವರಿಗೆ ಸಿಗುವ ಹೆಚ್ಚುವರಿ ಬೋನಸ್‌ಗೆ ಇರುವ ಷರತ್ತು, ಮನೆಯನ್ನು ಮುಂದೆ ಗ್ಯಾಸ್, ಎಣ್ಣೆ, ಕಲ್ಲಿದ್ದಲಿನಂಥ ಇಂಧನದಿಂದ ಕಾಯಿಸಬಾರದು ಎಂಬುದು. ಕಟ್ಟಿಗೆ ಆ ಸಾಲಿಗೆ ಸೇರುವುದಿಲ್ಲ. ಗ್ಯಾಸಿನಿಂದ ಉರಿಯುವ ಅಗ್ಗಿಷ್ಟಿಕೆ ಇದ್ದವರು ಮಾತ್ರ ಅರ್ಜಿಗೆ ಮೊದಲೇ ವಿಚಾರಿಸಿಕೊಳ್ಳಬೇಕು.

ತಪ್ಪು ಕಲ್ಪನೆ 2: ಒಲೆ ಇದೆಯಲ್ಲ, ಚಿಕ್ಕ ಪಂಪ್ ಸಾಕು.
ವಾಸ್ತವ: ಇದು ಎಲ್ಲಕ್ಕಿಂತ ದುಬಾರಿ ತಪ್ಪು. ಅತಿ ಚಳಿಯ ದಿನ ಪ್ರತಿ ಕೋಣೆಗೆ ಎಷ್ಟು ಶಾಖ ಬೇಕೆಂದು ಡಿಐಎನ್ ಇಎನ್ 12831 ಮಾನದಂಡದಂತೆ ಲೆಕ್ಕ ಹಾಕಿ ಪಂಪ್ ಆರಿಸಬೇಕು. ಆ ಲೆಕ್ಕದಲ್ಲಿ ಒಲೆಗೆ ಜಾಗವಿಲ್ಲ. ಡಿಸೆಂಬರಿನಲ್ಲಿ ನೀವು ಊರಿಗೆ ಬಂದಾಗ, ಜ್ವರ ಬಂದು ಮಲಗಿದಾಗ ಕಟ್ಟಿಗೆ ಒಟ್ಟುವವರು ಯಾರು?

ತಪ್ಪು ಕಲ್ಪನೆ 3: ಹಳೇ ಮನೆಯಲ್ಲಿ, ಹಿಮ ಬೀಳುವಾಗ ಹೀಟ್ ಪಂಪ್ ಕೈಕೊಡುತ್ತದೆ.
ವಾಸ್ತವ: ಫ್ರಾನ್‌ಹೋಫರ್ ಐಎಸ್‌ಇ ಸಂಸ್ಥೆ ಜನ ವಾಸವಿದ್ದ ಹಳೇ ಮನೆಗಳಲ್ಲೇ ಅಳೆದು 2020ರಲ್ಲಿ ಫಲಿತಾಂಶ ಪ್ರಕಟಿಸಿತು. ಹೊರಗಾಳಿಯಿಂದ ಶಾಖ ಎಳೆಯುವ ಪಂಪ್‌ಗಳು 1 ಯೂನಿಟ್ ವಿದ್ಯುತ್ತಿಗೆ ಸರಾಸರಿ 3.1 ಯೂನಿಟ್ ಶಾಖ ಕೊಟ್ಟಿದ್ದವು. ಕಡು ಚಳಿಯಲ್ಲಿ ಈ ಪ್ರಮಾಣ ಇಳಿಯುವುದು ನಿಜ. ಆ ಕೆಲವು ದಿನಗಳಿಗೆಂದೇ ಹೆಚ್ಚಿನ ಯಂತ್ರಗಳಲ್ಲಿ ವಿದ್ಯುತ್ ಹೀಟರ್ ಇರುತ್ತದೆ.

ತಪ್ಪು ಕಲ್ಪನೆ 4: ಒಲೆ ಹಚ್ಚಿದಷ್ಟೂ ಕರೆಂಟ್ ಉಳಿತಾಯ.
ವಾಸ್ತವ: ಅದು ಉಷ್ಣತೆ ಅಳೆಯುವ ಸೆನ್ಸರ್ ಎಲ್ಲಿದೆ ಎಂಬುದರ ಮೇಲೆ ನಿಂತಿದೆ. ಒಲೆಯಿರುವ ಹಜಾರದಲ್ಲೇ ಸೆನ್ಸರ್ ಇದ್ದರೆ, ಮನೆಯೆಲ್ಲ ಬೆಚ್ಚಗಿದೆ ಎಂದು ಪಂಪ್ ನಿಧಾನವಾಗುತ್ತದೆ. ಮಕ್ಕಳ ಕೋಣೆ ತಣ್ಣಗಾಗುತ್ತದೆ. ಸೆನ್ಸರನ್ನು ಬೇರೆ ಕೋಣೆಗೆ ಹಾಕಿಸಿ. ಕೊಂಡು ತಂದ ಕಟ್ಟಿಗೆಯ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ತಪ್ಪು ಕಲ್ಪನೆ 5: ಕರೆಂಟ್ ಹೋದರೂ ಒಲೆ ಕಾಯುತ್ತದೆ.
ವಾಸ್ತವ: ಬರೀ ಕಟ್ಟಿಗೆ ಉರಿಸಿ ಕೋಣೆ ಕಾಯಿಸುವ ಸರಳ ಒಲೆಯ ಮಟ್ಟಿಗೆ ಇದು ನಿಜ, ಅದನ್ನು ಉಳಿಸಿಕೊಳ್ಳಲು ಒಳ್ಳೆಯ ಕಾರಣವೂ ಹೌದು. ಆದರೆ ಪೆಲೆಟ್, ಅಂದರೆ ಒತ್ತಿದ ಕಟ್ಟಿಗೆ ಪುಡಿಯ ಗುಳಿಗೆ ಉರಿಸುವ ಒಲೆಗೆ, ಗುಳಿಗೆ ತಳ್ಳಲು ಸಾಮಾನ್ಯವಾಗಿ ವಿದ್ಯುತ್ ಬೇಕು. ನೀರು ಕಾಯಿಸಿ ರೇಡಿಯೇಟರಿಗೆ ಕಳಿಸುವ ಒಲೆಯಲ್ಲಿ ನೀರು ಹರಿಸುವ ಪಂಪ್ ನಿಂತರೆ ನೀರು ಕುದಿದು ಅಪಾಯವಾಗಬಹುದು. ಸುರಕ್ಷಾ ವ್ಯವಸ್ಥೆ ಸರಿಯಿದೆಯೆಂದು ತಿಳಿಯದೆ ಅದನ್ನು ಹಚ್ಚಬೇಡಿ.

ತಪ್ಪು ಕಲ್ಪನೆ 6: ಅಪರೂಪಕ್ಕೆ ಹಚ್ಚುವ ಒಲೆಗೆ ಕಾನೂನು ಇಲ್ಲ.
ವಾಸ್ತವ: ಒಲೆ ಚಿಮಣಿಗೆ ಜೋಡಿಸಿರುವವರೆಗೂ ಚಿಮಣಿ ತಪಾಸಕರು ಬರುತ್ತಾರೆ, ಅದರ ಶುಲ್ಕವೂ ಇರುತ್ತದೆ. 1995ರಿಂದ 2010ರ ಮಾರ್ಚ್ 21ರವರೆಗಿನ ಒಲೆಗಳು 2024ರ ಕೊನೆಯೊಳಗೆ ಹೊಗೆಯ ಮಿತಿಗೆ ಒಳಪಡಬೇಕಿತ್ತು: ಘನ ಮೀಟರಿಗೆ ದೂಳು 0.15 ಗ್ರಾಂ, ಕಾರ್ಬನ್ ಮಾನಾಕ್ಸೈಡ್ 4 ಗ್ರಾಂ. ಕೆಲವು ಬಗೆಯ ಒಲೆಗಳಿಗೆ ವಿನಾಯಿತಿ ಇದೆ. ಹಸಿ ಕಟ್ಟಿಗೆ ಉರಿಸುವಂತಿಲ್ಲ. ಒಗ್ಗರಣೆಯ ಹೊಗೆ ಹೊರದೂಡುವ ಎಕ್ಸಾಸ್ಟ್ ಫ್ಯಾನ್ ಒಲೆಯ ವಿಷಾನಿಲವನ್ನು ಮನೆಯೊಳಕ್ಕೆ ಎಳೆಯಬಲ್ಲದು. ಕಿಟಕಿ ತೆರೆದಾಗ ಮಾತ್ರ ಫ್ಯಾನ್ ತಿರುಗುವಂತೆ ಸ್ವಿಚ್ ಹಾಕಿಸಿ.

ಒಲೆಯನ್ನು ಉಳಿಸಿಕೊಳ್ಳಿ, ಆದರೆ ಅದು ಇಲ್ಲವೇ ಇಲ್ಲ ಎಂದುಕೊಂಡು ಪಂಪ್ ಆರಿಸಿ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು, ಪಂಪ್ ಅಳವಡಿಸುವವರಿಂದ ಕೋಣೆವಾರು ಲೆಕ್ಕವನ್ನೂ ಚಿಮಣಿ ತಪಾಸಕರಿಂದ ಒಲೆಯ ಸ್ಥಿತಿಯನ್ನೂ ಬರಹದಲ್ಲೇ ಪಡೆದುಕೊಳ್ಳಿ.