ಭಾಷಣ ಸ್ಪರ್ಧೆಯೂ ಹೆಣ್ಣುಮಕ್ಕಳ ಕಂಠವೂ

ವಾರ್ಷಿಕೋತ್ಸವವು ಸಮೀಪಿಸಿತೆಂದರೆ ನಮ್ಮ ಶಾಲೆಗಳಲ್ಲಿ ಭಾಷಣ ಸ್ಪರ್ಧೆಯ ಸಡಗರವೂ ಆರಂಭವಾಗುವುದನ್ನು ವಾಚಕರೆಲ್ಲರೂ ಬಲ್ಲರು. ಬಾಯಿಪಾಠ ಮಾಡಿದ ಮಾತುಗಳನ್ನು ಬಾವಿಕಟ್ಟೆಯ ಬಳಿಯೂ ಅಡಿಗೆಯ ಮನೆಯಲ್ಲಿಯೂ ತಮ್ಮಷ್ಟಕ್ಕೆ ತಾವೇ ಒಪ್ಪಿಸಿಕೊಳ್ಳುತ್ತಿದ್ದ ದಿನಗಳು ಹಳೆಯ ವಿದ್ಯಾರ್ಥಿನಿಯರ ನೆನಪಿನಲ್ಲಿ ಇನ್ನೂ ಹಸುರಾಗಿರಬಹುದು. ಆದರೆ, “ಹೆಣ್ಣುಮಕ್ಕಳಿಗೆ ಸಭೆಯಲ್ಲಿ ಮಾತನಾಡುವ ಅಭ್ಯಾಸವೇತಕ್ಕೆ?” ಎಂದು ಕೇಳುವ ತಾಯಿತಂದೆಗಳೂ ಉಂಟು. ಅವರಿಗೆ ಉತ್ತರವಾಗಿ ಈ ಪದ್ಧತಿಯ ಪೂರ್ವವೃತ್ತಾಂತವನ್ನು ಸ್ವಲ್ಪದರಲ್ಲಿ ವಿವರಿಸುವೆವು.

ಇಂಥ ಸ್ಪರ್ಧೆಗಳಲ್ಲಿ ಬಹು ಹಳೆಯದೊಂದು ಅಮೇರಿಕೆಯ ಹಾರ್ವರ್ಡ್ ಕಾಲೇಜಿನದು. 1817ರಲ್ಲಿ ವಾರ್ಡ್ ನಿಕೊಲಸ್ ಬಾಯ್ಲ್‌ಸ್ಟನ್ ಎಂಬ ಮಹನೀಯರು ಕೊಟ್ಟ ದ್ರವ್ಯದಿಂದ ಅದು ಸ್ಥಾಪಿತವಾಯಿತು. ಅಲ್ಲಿ ಸ್ಪರ್ಧಿಯು ಸ್ವಂತ ರಚನೆಯನ್ನು ಓದುವುದಿಲ್ಲ. ಇಂಗ್ಲಿಷ್, ಗ್ರೀಕ್ ಇಲ್ಲವೆ ಲ್ಯಾಟಿನ್ ಸಾಹಿತ್ಯದಿಂದ ಒಂದು ಭಾಗವನ್ನು ಆರಿಸಿ, ಕಾಗದವನ್ನು ನೋಡದೆ ಸಭೆಯ ಮುಂದೆ ನುಡಿಯಬೇಕು. ಪರರ ಮಾತನ್ನು ಒಪ್ಪಿಸುವುದರಲ್ಲಿ ಏನು ಹೆಚ್ಚಳವೆಂದು ತೋರಬಹುದು. ಆದರೆ ಅರ್ಥವನ್ನು ಮನಸ್ಸಿಗೆ ತಂದುಕೊಳ್ಳದವನು ಎಲ್ಲಿ ಉಸಿರು ನಿಲ್ಲಿಸಬೇಕು, ಯಾವ ಪದವನ್ನು ಎತ್ತಿ ಹೇಳಬೇಕು ಎಂಬುದನ್ನು ಅರಿಯಲಾರನು. ಸಭಾಕಂಪವೂ ಹತ್ತಾರು ಸಲ ಎದ್ದು ನಿಂತ ಹೊರತು ನೀಗುವುದಿಲ್ಲ.

ಗುಲಾಮಗಿರಿಯಲ್ಲಿಯೇ ಹುಟ್ಟಿದ ಕ್ಲೆಮೆಂಟ್ ಮಾರ್ಗನ್ ಎಂಬ ಆಫ್ರಿಕನ್ ಮೂಲದ ವಿದ್ಯಾರ್ಥಿಯು ಈ ಸ್ಪರ್ಧೆಯಲ್ಲಿ ಮೊದಲನೆಯ ಬಹುಮಾನವನ್ನು ಪಡೆದರು. ಅದೇ ಜನಾಂಗದ ಡು ಬಾಯ್ಸ್ ಅವರಿಗೆ ಎರಡನೆಯದು ಬಂದಿತು. ಸಹಪಾಠಿಗಳು 1890ರ ತಮ್ಮ ತರಗತಿಯ ಪರವಾಗಿ ಭಾಷಣ ಮಾಡಲು ಮಾರ್ಗನ್ ಅವರನ್ನೇ ಆರಿಸಿದರು. ವೇದಿಕೆಯು ಹುಟ್ಟನ್ನು ಕೇಳದೆ ಮಾತನ್ನು ಕೇಳಿದರೆ ಎಂಥ ಬಾಗಿಲು ತೆರೆಯುವುದೆಂಬುದಕ್ಕೆ ಇದು ಸಾಕ್ಷಿ.

ಆದರೆ ಈ ಸ್ಪರ್ಧೆಯು ಹುಟ್ಟಿದ ಕಾಲದಲ್ಲಿ ಹಾರ್ವರ್ಡಿನಲ್ಲಿ ಸ್ತ್ರೀಯರಿಗೆ ಪ್ರವೇಶವೇ ಇರಲಿಲ್ಲ. ಪ್ರವೇಶವಿದ್ದ ಕಡೆಯಲ್ಲಿಯೂ ಮಾತಿಗೆ ಅವಕಾಶವಿರಲಿಲ್ಲ. ಅದೇ ದೇಶದ ಓಬರ್ಲಿನ್ ಕಾಲೇಜು ಕ್ರೈಸ್ತ ಸಜ್ಜನರಿಂದ 1833ರಲ್ಲಿ ಸ್ಥಾಪಿತವಾಗಿ, 1837ರಲ್ಲಿಯೇ ಸ್ತ್ರೀಯರನ್ನು ಪದವಿಯ ವ್ಯಾಸಂಗಕ್ಕೆ ಸೇರಿಸಿಕೊಂಡ ಉದಾರ ಸಂಸ್ಥೆ. ಆದರೂ ಅಲ್ಲಿನ ವಕ್ತೃತ್ವದ ತರಗತಿಯಲ್ಲಿ ವಿದ್ಯಾರ್ಥಿನಿಯರು ಕುಳಿತು ಕೇಳಬೇಕಲ್ಲದೆ ಎದ್ದು ಮಾತನಾಡಬಾರದೆಂಬ ಕಟ್ಟಳೆಯಿದ್ದಿತು. ಲೂಸಿ ಸ್ಟೋನ್, ಆಂಟಾಯ್ನೆಟ್ ಬ್ರೌನ್ ಎಂಬ ಇಬ್ಬರು ಗೆಳತಿಯರು ಇದಕ್ಕೆ ಸುಮ್ಮನಾಗದೆ, ಒಂದು ಗುಪ್ತ ಚರ್ಚಾಕೂಟವನ್ನು ಕಟ್ಟಿ, ಕಾಡಿನ ಮರೆಯಲ್ಲಿಯೂ, ಊರಂಚಿನ ಒಬ್ಬ ಮುದುಕಿಯ ಮನೆಯಲ್ಲಿಯೂ ವಾದಮಾಡಿ ಪಳಗಿದರು.

1847ರಲ್ಲಿ ಪದವೀದಾನದ ಸಮಯ ಬಂದಿತು. ಲೂಸಿಯು ಪ್ರಬಂಧ ಬರೆಯಬಹುದು, ಆದರೆ ಸಭೆಯಲ್ಲಿ ಅದನ್ನು ಪುರುಷ ಅಧ್ಯಾಪಕರೊಬ್ಬರು ಓದುವರು ಎಂದಾಯಿತು. ತನ್ನ ಮಾತಿಗೆ ತನ್ನ ಕಂಠವೇ ಇಲ್ಲವೆಂದ ಮೇಲೆ ಬರೆಯುವುದೇ ಬೇಡವೆಂದು ಆಕೆ ನಿರಾಕರಿಸಿದಳು. ಮುಂದೆ ಆಕೆಯು ಗುಲಾಮಗಿರಿಯ ವಿರುದ್ಧವೂ ಸ್ತ್ರೀಯರ ಹಕ್ಕಿನ ಪರವಾಗಿಯೂ ಊರೂರಿನಲ್ಲಿ ಮಾತನಾಡಿದಳು. ಬ್ರೌನ್ 1853ರಲ್ಲಿ ಸಭಾಪಾಲಕಿಯಾಗಿ ದೀಕ್ಷೆ ಪಡೆದಳು. 1883ರಲ್ಲಿ ಓಬರ್ಲಿನ್ ತನ್ನ ಐವತ್ತನೆಯ ವರ್ಷದ ಉತ್ಸವವನ್ನು ಆಚರಿಸಿದಾಗ, ಆಹ್ವಾನಿತ ಭಾಷಣಕಾರರಲ್ಲಿ ಲೂಸಿ ಸ್ಟೋನಳೂ ಒಬ್ಬಳಾಗಿದ್ದಳು. ಒಮ್ಮೆ ಬಾಯಿ ಕಟ್ಟಿದ ಕಾಲೇಜೇ ಮೂವತ್ತಾರು ವರ್ಷಗಳ ತರುವಾಯ ಆ ಬಾಯಿಂದ ಮಾತನ್ನು ಬೇಡಿತು.

ಆದುದರಿಂದ, ಪಾರಿತೋಷಿಕದ ಬಟ್ಟಲು ಒಬ್ಬಳಿಗೇ ದೊರೆಯುವುದಾದರೂ, ಸ್ಪರ್ಧೆಯ ಫಲವು ಎದ್ದು ನಿಂತ ಪ್ರತಿಯೊಬ್ಬಳದೂ ಆಗಿದೆಯೆಂದು ನಾವು ನಂಬುತ್ತೇವೆ. ನಡುವೆ ಮಾತು ಮರೆತು ಕಣ್ಣೀರಿನೊಡನೆ ಇಳಿದ ಹುಡುಗಿಯೂ ನಷ್ಟಹೊಂದಿದವಳಲ್ಲ. ತಾಯಿತಂದೆಗಳಲ್ಲಿ ನಮ್ಮ ಬಿನ್ನಹವಿಷ್ಟೇ: ಈ ಸಲ ನಿಮ್ಮ ಮಗಳು ಮನೆಯಲ್ಲಿ ಗಟ್ಟಿಯಾಗಿ ಪಾಠ ಒಪ್ಪಿಸತೊಡಗಿದರೆ, ಮೆಲ್ಲಗೆ ಮಾತನಾಡೆಂದು ಗದರಿಸದೆ, ಎದುರಿಗೆ ಕುಳಿತು ಪೂರ್ತಿಯಾಗಿ ಕೇಳಿರಿ. ಅವಳ ಮೊದಲನೆಯ ಸಭೆ ನೀವೇ.