ಟ್ರಂಕಿನ ತಳದ ನಾಟಕ

ಹುಮನಾಬಾದದ ನಮ್ಮ ಮನೆಯಲ್ಲಿ ಅವ್ವ ತವರಿನಿಂದ ತಂದ ಕಬ್ಬಿಣದ ಟ್ರಂಕೊಂದಿದೆ. ಸೀರೆಗೆ ಜಂಗು ಹತ್ತಬಾರದೆಂದು ತಳಕ್ಕೆ ಹಾಸಿದ್ದ ಹಳೆಯ ಕಾಗದಗಳ ನಡುವೆ ಗುಲಾಬಿ ಬಣ್ಣದ ನಾಟಕದ ಹ್ಯಾಂಡ್‌ಬಿಲ್ ಸಿಕ್ಕಿತು. ಮೇಲಿನ ಅಂಚು ಹರಿದು ಕಂಪನಿಯ ಹೆಸರು ಹೋಗಿದೆ. ‘ಕ್ಯಾಂಪ್: ಹುಮನಾಬಾದ’ ಮಾತ್ರ ಉಳಿದಿದೆ. ಕೆಳಗೆ ದಪ್ಪ ಕಟ್ಟಿಗೆ ಮೊಳೆಯಲ್ಲಿ ‘ಜಗಜ್ಯೋತಿ ಬಸವೇಶ್ವರ’. ಬಲಗಡೆ ಅಂಗೈಯಗಲದ ಬ್ಲಾಕಿನಲ್ಲಿ ಕಿರೀಟ ತೊಟ್ಟ ಬಿಜ್ಜಳ. ಶಾಯಿ ಹೆಚ್ಚಾಗಿ ಮೀಸೆಯೂ ಗಲ್ಲವೂ ಒಂದೇ ಕಪ್ಪಾಗಿವೆ. ‘ಜನವರಿ 19, ಶನಿವಾರ’ ಎಂದಿದೆ, ಇಸವಿಯಿಲ್ಲ. ಮರುದಿನಕ್ಕೆ ಬೇಡದ ಕಾಗದಕ್ಕೆ ಇಸವಿ ಯಾರು ಹಾಕುತ್ತಾರೆ?

ಈ ನಾಟಕ ನಮ್ಮ ಕಡೆಯವರಿಗೆ ಹೊಸದಲ್ಲ. ಏಣಗಿ ಬಾಳಪ್ಪನವರು (1914–2017) ಬಸವಣ್ಣನಾಗಿ ನಿಂತು ವಚನ ಹಾಡಿ ಉತ್ತರ ಕರ್ನಾಟಕದಲ್ಲಿ ಮನೆಮಾತು ಮಾಡಿದ ನಾಟಕ ಅದು. ಕಥೆಯೊಳಗಿನ ಕಲ್ಯಾಣ ನಮ್ಮ ನೆರೆಯ ಬಸವಕಲ್ಯಾಣವೇ. ಹಗಲು ಅಲ್ಲಿನ ಪರುಷ ಕಟ್ಟೆಗೆ ಕೈಮುಗಿದು ಬರುವ ಜನ ರಾತ್ರಿ ಅದೇ ಕಥೆಯನ್ನು ಟೆಂಟಿನಲ್ಲಿ ಕೂತು ನೋಡುವುದೆಂದರೆ ಅದು ಬರೀ ಮನರಂಜನೆಯಾಗಿರಲಿಲ್ಲ. ಅಂಥದೊಂದು ರಾತ್ರಿಯಿಂದ ನನ್ನ ಕೈಗೆ ಬಂದದ್ದು ಇಷ್ಟೇ, ಒಂದು ಗೇಣು ಕಾಗದ.

ಇದರ ಬೆಲೆ ನನಗೆ ತಿಳಿದದ್ದು ಜಪಾನಿನ ಕಬುಕಿ ನಾಟಕದ ಚಿತ್ರಗಳ ಬೆನ್ನು ಹತ್ತಿದ ಮೇಲೆ. ಈಗ ಟೋಕಿಯೊ ಎನ್ನುವ ಎಡೊ ನಗರದಲ್ಲಿ ನಾಟಕದ ನಟರ ಚಿತ್ರಗಳನ್ನು ಚೆರ್ರಿ ಮರದ ಹಲಗೆಯಲ್ಲಿ ಕೊರೆಯುತ್ತಿದ್ದರು. ಬಣ್ಣಕ್ಕೊಂದು ಹಲಗೆ. ಹಲಗೆಯ ಮೇಲೆ ಕಾಗದ ಹಾಸಿ, ಬಿದಿರಿನ ಪೊರೆ ಸುತ್ತಿದ ದುಂಡನೆಯ ‘ಬಾರೆನ್’ನಿಂದ ಬೆನ್ನು ಉಜ್ಜಿ ಅಚ್ಚು ತೆಗೆಯುತ್ತಿದ್ದರು. ಬರೆಯುವವನೊಬ್ಬ, ಕೊರೆಯುವವನೊಬ್ಬ, ಅಚ್ಚು ಹಾಕುವವನು ಮತ್ತೊಬ್ಬ. ಅಗ್ಗದ ಮಾಲು, ಮೆಚ್ಚಿನ ನಟನ ಚಿತ್ರವನ್ನು ಸಾಮಾನ್ಯರೂ ಕೊಳ್ಳುತ್ತಿದ್ದರು. 1794ರಲ್ಲಿ ಶರಾಕು ಎಂಬೊಬ್ಬ ಕಲಾವಿದ ಕಾಣಿಸಿಕೊಂಡು, ಸುಮಾರು 10 ತಿಂಗಳಲ್ಲಿ 140ಕ್ಕೂ ಹೆಚ್ಚು ಚಿತ್ರ ಬರೆದು ಮಾಯವಾದ. ಅವನ ಒಂದು ಚಿತ್ರದಲ್ಲಿ ಖಳ ಎಡೊಬೆಯ ಪಾತ್ರದ ಒತಾನಿ ಓನಿಜಿ ಇದ್ದಾನೆ. ಬಿಗಿದ ತುಟಿ, ಮೂಗಿನತ್ತ ಸರಿದ ಕಣ್ಣಾಲಿ, ಎದೆಯ ಬಟ್ಟೆಯೊಳಗಿಂದ ಹೊರಚಾಚಿದ ಎರಡು ಕೈಗಳು, ಬಿಚ್ಚಿದ ಬೆರಳುಗಳು. ಕೈ ಮೈಗೆ ಸಣ್ಣವಾದವು ಅನಿಸುತ್ತದೆ, ಆದರೆ ಏಟಿಗೆ ಸಿದ್ಧನಾದವನ ಗಳಿಗೆ ಅಲ್ಲಿದೆ. ನಮ್ಮ ಬಿಜ್ಜಳನ ಹುಬ್ಬಿನಲ್ಲೂ ಅಂಥದೊಂದು ಗಳಿಗೆಯಿದೆ, ಬ್ಲಾಕು ಎಷ್ಟೇ ಸವೆದಿರಲಿ.

ಕಬುಕಿಗೂ ನಮ್ಮ ನಾಟಕಕ್ಕೂ ಇನ್ನೊಂದು ಹೋಲಿಕೆಯಿದೆ. 1629ರಲ್ಲಿ ಜಪಾನಿನ ಆಳುವವರು ಹೆಂಗಸರನ್ನು ರಂಗದಿಂದ ದೂರವಿಟ್ಟರು. ಹೆಣ್ಣಿನ ಪಾತ್ರ ಗಂಡಸರ ಪಾಲಾಯಿತು. ಬಾಳಪ್ಪನವರೂ ಎಳವೆಯಲ್ಲಿ ಸ್ತ್ರೀಪಾತ್ರ ಮಾಡಿದವರೇ.

ಶರಾಕುವಿನ ಚಿತ್ರಗಳಲ್ಲೂ ಇಸವಿಯಿಲ್ಲ. ನಟನ ಮನೆತನದ ಲಾಂಛನ ಉಡುಪಿನ ಮೇಲಿರುತ್ತದೆ. ಅದನ್ನೂ ಪಾತ್ರವನ್ನೂ ನಾಟಕಶಾಲೆಯ ದಾಖಲೆಗೆ ತಾಳೆ ನೋಡಿ, ಯಾವ ತಿಂಗಳ ಪ್ರಯೋಗವೆಂದು ವಿದ್ವಾಂಸರು ಹೇಳುತ್ತಾರೆ. ಅದೇ ಜಾಡು ಹಿಡಿದು ನಾನೂ ಕೂತೆ. ನಮ್ಮ ಸೀಮೆಯಲ್ಲಿ ಟಿಕೆಟ್ಟಿನ ದರವೇ ಸುಳಿವು. ‘ಹಾಲಿ’ ಎಂದಿದ್ದರೆ ನಿಜಾಮರ ನಾಣ್ಯದ ಕಾಲ. ಊರು ‘ಕಲ್ಯಾಣಿ’ ಎಂದಿದ್ದರೆ ಸಾಮಾನ್ಯವಾಗಿ 1956ರ ರಾಜ್ಯ ಪುನರ್ವಿಂಗಡಣೆಗೆ ಮುಂಚಿನದು. ಬಸವಕಲ್ಯಾಣವೆಂಬ ಹೆಸರು ಆಮೇಲಿನದು. ನನ್ನ ಬಿಲ್ಲಿನಲ್ಲಿ ನೆಲಕ್ಕೆ ‘50 ನ.ಪೈ.’ ಎಂದಿತ್ತು. ನಯೇ ಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಿ, ‘ನಯೇ’ ಬಿಟ್ಟುಹೋದದ್ದು 1964ರಲ್ಲಿ. ಆ ನಡುವೆ ಜನವರಿ 19 ಶನಿವಾರ ಬಿದ್ದದ್ದು ಒಂದೇ ಸಲ, 1963ರಲ್ಲಿ. ಅವ್ವನಿಗೆ ಹೇಳಿದೆ. ‘ಆಗ ನಾ ಮೂರನೆತ್ತೆ ಇದ್ದೆ’ ಅಂದಳು.

ಅಂದಿನಿಂದ ಇಂಥ ಬಿಲ್ಲುಗಳನ್ನು ಹುಡುಕುತ್ತ ಬಸವಕಲ್ಯಾಣದ ರದ್ದಿ ಅಂಗಡಿ, ಹಳೆಯ ಖಾತೆ ವಹಿಗಳ ರಟ್ಟು, ದೇವರ ಫೋಟೊದ ಬೆನ್ನು ಯಾವುದನ್ನೂ ಬಿಟ್ಟಿಲ್ಲ. ಜಪಾನಿನಲ್ಲಾದರೆ ಇಂಥದಕ್ಕೆ ಜಾಗವಿದೆ: ಟೋಕಿಯೊದ ವಾಸೆದಾ ವಿಶ್ವವಿದ್ಯಾಲಯದಲ್ಲಿ, ಶೇಕ್ಸ್‌ಪಿಯರನನ್ನು ಜಪಾನಿಗೆ ತಂದ ತ್ಸುಬೊಉಚಿ ಶೋಯೊ ಅವರ ಹೆಸರಿನಲ್ಲಿ 1928ರಲ್ಲಿ ರಂಗಭೂಮಿ ವಸ್ತುಸಂಗ್ರಹಾಲಯ ತೆರೆಯಿತು. ಅಲ್ಲಿ 40,000ಕ್ಕೂ ಹೆಚ್ಚು ಕಬುಕಿ ಚಿತ್ರಗಳಿವೆ. ಆದರೆ ನಮ್ಮ ಕಂಪನಿ ನಾಟಕದ ಕಾಗದಗಳು ಇನ್ನೂ ರದ್ದಿಯಲ್ಲಿ ಕಿಲೋ ಲೆಕ್ಕಕ್ಕೆ ಹೋಗುತ್ತಿವೆ. ಇದು ನನಗೆ ಸಂಕಟದ ಮಾತು. ಮನೆಯಲ್ಲಿ ಇಂಥದ್ದು ಸಿಕ್ಕರೆ ದಯವಿಟ್ಟು ಲ್ಯಾಮಿನೇಶನ್ ಮಾಡಿಸಬೇಡಿ, ಸೆಲ್ಲೊಟೇಪು ಹಚ್ಚಬೇಡಿ. ನನ್ನದೇ ಒಂದು ಹಳದಿ ಬಿಲ್ಲು ಹಾಗೆ ಹಾಳಾಯಿತು. ಕಾಗದದೊಳಗಿನ ಆಮ್ಲ ಪ್ಲಾಸ್ಟಿಕ್ಕಿನಲ್ಲೇ ಸಿಕ್ಕಿಕೊಂಡು ಅದು ಕಂದಾಗಿ ಕೂತಿದೆ, ಬಿಡಿಸಲು ಬರುವುದಿಲ್ಲ. ಬಿಸಿಲು ತಾಗದಂತೆ, ಆಮ್ಲವಿಲ್ಲದ ಕಾಗದದ ಮಡಿಕೆಯಲ್ಲಿ ಮಲಗಿಸಿಟ್ಟರೆ ಸಾಕು.

ಹರಿದ ಕಾಗದ ಕೂಡಿಸಲು ಜಗತ್ತಿನಾದ್ಯಂತ ಸಂರಕ್ಷಕರು ಬಳಸುವುದು ಜಪಾನಿನ ಕಾಗದವನ್ನೇ. ಕಾಗದದ ಹಿಪ್ಪುನೇರಳೆ ಮರದ ತೊಗಟೆಯ ನಾರಿನದು, ನೊಣದ ರೆಕ್ಕೆಯಷ್ಟು ತೆಳುವು, ಗೋಧಿ ಗಂಜಿಯಲ್ಲಿ ಅಂಟಿಸುವುದು. ನಮ್ಮ ಗುಲಾಬಿ ಬಿಲ್ಲಿಗೂ ಹಾಗೇ ಮಾಡಿಸಿದೆ. ಕೊಡುವ ಮುಂಚೆ ಬೆನ್ನು ತಿರುವಿದರೆ ಪೆನ್ಸಿಲಿನಲ್ಲಿ ಅಜ್ಜನ ಕೈಬರಹ: ಜ್ವಾಳ ಎರಡು ಚೀಲ, ತೊಗರಿ ಒಂದು. ರಿಪೇರಿ ಮಾಡುವವರಿಗೆ ಬೆರಳಿಟ್ಟು ತೋರಿಸಿದೆ, ಇಲ್ಲಿ ಮಾತ್ರ ಅಂಟಿಸಬ್ಯಾಡ್ರಿ ಎಂದು.