ಜಮೀನು ಒಮ್ಮೆ, ಖರ್ಚು ವರ್ಷವೂ
ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಸ್ಥಾಪನೆಯಾದಾಗ ಅದರ ಕಾಲೇಜುಗಳು ಮೈಸೂರು, ಬೆಂಗಳೂರುಗಳಲ್ಲಿ ಹಂಚಿಹೋಗಿದ್ದವು. ಸ್ನಾತಕೋತ್ತರ ವಿಭಾಗಗಳಿಗೆ ಒಂದೇ ಆವರಣ ಬೇಕೆಂದು ಕನಸು ಕಂಡವರು 1956ರಿಂದ 1960ರವರೆಗೆ ಉಪಕುಲಪತಿಗಳಾಗಿದ್ದ ಕುವೆಂಪು. ಮಾನಸಗಂಗೋತ್ರಿ ಎಂಬ ಹೆಸರೂ ಅವರದೇ.

ಜಮೀನು ಒಮ್ಮೆ ಸಿಕ್ಕರೆ ಸಾಕು. ಸಂಬಳ, ಪುಸ್ತಕ, ದುರಸ್ತಿಗಳಿಗೆ ವರ್ಷವರ್ಷವೂ ಹಣ ಬೇಕು. ಆದ್ದರಿಂದಲೇ ಅಧಿಕಾರ ಒಬ್ಬರ ಕೈಯಲ್ಲಿಲ್ಲ. 2000ದ ರಾಜ್ಯ ಕಾಯ್ದೆಯಂತೆ ಪಠ್ಯ, ಬೋಧನೆಗಳ ಹೊಣೆ ವಿದ್ಯಾವಿಷಯಕ ಪರಿಷತ್ತಿನದು, ಆಯವ್ಯಯದ ಪರಿಶೀಲನೆ ಹಣಕಾಸು ಸಮಿತಿಯದು, ಆಡಳಿತ ಸಿಂಡಿಕೇಟಿನದು. ಹಿಂದಿದ್ದ ಸೆನೆಟ್ ಈ ಕಾಯ್ದೆಯಲ್ಲಿಲ್ಲ.

ಹೊಸ ವಿಭಾಗ ಬೇಕೆಂದು ಪರಿಷತ್ತು ಹೇಳಬಹುದು. ಆದರೆ ಸರ್ಕಾರಿ ಸಂಬಳದ ಹುದ್ದೆಗೆ ಸರ್ಕಾರವೇ ಒಪ್ಪಬೇಕು. ಅದು ತಡವಾದರೆ ಕಟ್ಟಡ ಎದ್ದರೂ ಕಾಯಂ ಅಧ್ಯಾಪಕರು ಇರುವುದಿಲ್ಲ. ಅಡಿಗಲ್ಲು ಹಾಕುವ ಮೊದಲೇ ಸಭೆ ಕೇಳಬೇಕಾದ ಪ್ರಶ್ನೆ ಒಂದಿದೆ: ಹತ್ತು ವರ್ಷದ ನಂತರ ಇದರ ಖರ್ಚು ಯಾರದು?